ಕೈಗಳ ಮಾತು

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕಿವುಡನನ್ನು ಜನಸಂದಣಿಯಿಂದ ದೂರ ಕರೆದೊಯ್ದು, ಮಾತಿಗೆ ಮೊದಲು ಅವನ ಕಿವಿ, ನಾಲಿಗೆಗಳನ್ನು ಮುಟ್ಟಿದರು. ಅವನಿಗೆ ತಿಳಿಯುವ ಭಾಷೆ ಅದೇ ಅಲ್ಲವೇ? ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಗುರು ದ ಲೆಪೆ ಕಿವುಡರ ಸಂಜ್ಞೆಗಳನ್ನು ತಾವೇ ಕಲಿತು, ಅವರಿಗಾಗಿ ಉಚಿತ ಶಾಲೆ ತೆರೆದರು. ಆದರೆ 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಬಾಯಿಮಾತಿನ ಬೋಧನೆಯೇ ಶ್ರೇಷ್ಠವೆಂದು ನಿರ್ಣಯಿಸಿತು. ಸೇರಿದವರಲ್ಲಿ ಬಹುತೇಕರು ಕಿವಿ ಕೇಳುವವರು. ಅಧ್ಯಕ್ಷರೂ, ಹೇಳಲು ಸಂಕೋಚವೆನಿಸುತ್ತದೆ, ಒಬ್ಬ ಗುರುವೇ. ಅನೇಕ ಶಾಲೆಗಳಲ್ಲಿ ಸಂಜ್ಞಾಭಾಷೆ ನಿಷಿದ್ಧವಾಯಿತು. ಆ ನಿರ್ಣಯಕ್ಕೆ ವಿಷಾದ ವ್ಯಕ್ತವಾದದ್ದು 2010ರಲ್ಲಿ, ವ್ಯಾಂಕೂವರಿನ ಸಮ್ಮೇಳನದಲ್ಲಿ. ದ್ವೇಷದಿಂದಲ್ಲ, ಹಿತಚಿಂತನೆಯಿಂದಲೇ ನಡೆದ ಅನ್ಯಾಯವಿದು. ಮಗುವಿನ ಒಳಿತನ್ನು ಮಗುವನ್ನೇ ವಿಚಾರಿಸದೆ ನಿರ್ಧರಿಸಬಹುದೇ? ಬರುವ ಭಾನುವಾರದ ಧರ್ಮೋಪದೇಶದ ತರಗತಿಗೆ ಒಬ್ಬ ಕಿವುಡ ಬಾಲಕಿ ಬಂದರೆ, ಅವಳೊಡನೆ ಮಾತನಾಡಬಲ್ಲ ಕೈಗಳು ನಮ್ಮಲ್ಲಿ ಎಷ್ಟಿವೆ?