ಬೆಲೆಗಟ್ಟುವವನ ಧರ್ಮ

ತನ್ನ ಸ್ವತ್ತಿನ ಬೆಲೆಯನ್ನು ತಾನೇ ನಿಷ್ಪಕ್ಷಪಾತವಾಗಿ ಹೇಳುವದು ಯಾರಿಗೂ ಸುಲಭವಲ್ಲ. ಮಾರುವವನಿಗೆ ತನ್ನ ಮನೆ ಅರಮನೆಯಾಗಿ ತೋರುವದು. ಕೊಳ್ಳುವವನ ಕಣ್ಣಿಗೆ ಅದೇ ಮನೆಯ ಗೋಡೆಯ ಬಿರುಕುಗಳೇ ಮೊದಲು ಬೀಳುವವು. ಆದಕಾರಣ ಇಬ್ಬರ ಲಾಭನಷ್ಟಗಳಿಗೂ ಹೊರತಾದ ಮೂರನೆಯವನೊಬ್ಬನು ಬೇಕಾಗುವನು. ಅವನೇ ಮೌಲ್ಯಮಾಪಕನು. ಅವನು ಮನೆಯನ್ನು ಕಟ್ಟುವದಿಲ್ಲ, ಕೊಳ್ಳುವದಿಲ್ಲ, ಮಾರುವದೂ ಇಲ್ಲ. ಒಂದು ಅಂಕಿಯನ್ನು ಬರೆದು ಅದರ ಕೆಳಗೆ ಸಹಿ ಮಾಡುವನು. ಆದರೆ ಆ ಅಂಕಿಯನ್ನು ನಂಬಿ ಸಾಲ ಹುಟ್ಟುವದು, ಪಾಲು ಮುರಿಯುವದು, ಪರಿಹಾರ ಗೊತ್ತಾಗುವದು. ಇಂಥವನೊಬ್ಬನು ತನ್ನ ವೃತ್ತಿಯಲ್ಲಿ ದೋಷಗಳು ಸೇರಿಕೊಂಡಿರುವದನ್ನು ಕಂಡು, ಯಾರೂ ಕರೆಯದೆ ತಾನಾಗಿಯೇ ಅದರ ಸುಧಾರಣೆಗೆ ಮುಂದೆ ಬಂದರೆ, ಅವನಿಂದ ಆಗತಕ್ಕದ್ದೆಷ್ಟು? ಆಗದೆ ಉಳಿಯುವದು ಯಾರ ಪಾಲಿನ ಕೆಲಸ? ಇದು ವಿಚಾರಾರ್ಹವಾದ ಪ್ರಶ್ನೆ.

ಅಳೆದು ಹಂಚಿದ ನಿವೇಶನವೆಂಬ ಅರ್ಥವನ್ನು ಹೆಸರಿನಲ್ಲಿಯೇ ಹೊತ್ತಿರುವ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಂದು ಹಳೆಯ ಮನೆಯಿರುವದೆಂದು ಭಾವಿಸಬಹುದು. ನೆಲಕ್ಕೆ ಶಹಾಬಾದಿನ ಫರ್ಸಿ. ಅಡಿಪಾಯದ ಕೆಳಗೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣು. ಮನೆಯ ಯಜಮಾನನು ಇದನ್ನು ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ಕೇಳುವಾಗ ಬೆಲೆ ಹೆಚ್ಚಾಗಿರಲಿ ಎನ್ನುವನು. ಅದನ್ನೇ ಮಾರಿ ಕ್ರಯಪತ್ರವನ್ನು ನೋಂದಾಯಿಸುವ ದಿನ, ಮುದ್ರಾಂಕ ಶುಲ್ಕ ಉಳಿಯಲೆಂದು, ಕಡಿಮೆ ಬರೆಯೋಣವೆಂದು ಕೊಳ್ಳುವವನೊಡನೆ ಒಪ್ಪಿಕೊಳ್ಳುವನು. ರಸ್ತೆಯನ್ನು ಅಗಲಿಸಲು ಸರಕಾರವು ಅದನ್ನು ತೆಗೆದುಕೊಳ್ಳುವದಾದರೆ ಬೆಲೆ ಮತ್ತೆ ಏರಬೇಕು. ಅಣ್ಣತಮ್ಮಂದಿರು ಪಾಲಾಗುವ ದಿನ, ಮನೆ ತನಗೆ ಬರುವದಾದರೆ ಕಡಿಮೆ, ತಮ್ಮನಿಗೆ ಹೋಗುವದಾದರೆ ಹೆಚ್ಚು! ಮನೆ ಒಂದು, ಯಜಮಾನನೂ ಒಬ್ಬನೇ. ಬೆಲೆ ಮಾತ್ರ ಸಂದರ್ಭಕ್ಕೊಂದು. ಉದ್ದೇಶಭೇದದಿಂದ ಬೆಲೆಯು ಭೇದಿಸುವದುಂಟು. ಆತುರದ ಹರಾಜಿನ ಬೆಲೆಯೂ ಸಾವಧಾನದ ಮಾರಾಟದ ಬೆಲೆಯೂ ಒಂದೇ ಅಲ್ಲ. ಆದರೆ ಆ ಭೇದವನ್ನು ಕಾರಣಸಹಿತವಾಗಿ ಬರೆದು ಹೇಳುವದು ಬೇರೆ. ಕೇಳಿದವನ ಮುಖ ನೋಡಿ ಅಂಕಿಯನ್ನು ಏರಿಸಿ ಇಳಿಸುವದು ಬೇರೆ.

ನೈಯಾಯಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿರುವರು. ಮೌಲ್ಯಮಾಪಕನಿಗೂ ಸಾಧನಗಳು ಇವೇ. ಸ್ಥಳಕ್ಕೆ ತಾನೇ ಹೋಗಿ ಅಳೆದು, ಗೋಡೆಯ ಬಿರುಕನ್ನು ಕಣ್ಣಾರೆ ನೋಡುವದು ಪ್ರತ್ಯಕ್ಷ. ಬರುವ ಬಾಡಿಗೆಯಿಂದಲೂ, ಇಂದು ಕಟ್ಟಿದರೆ ಬೀಳುವ ಖರ್ಚಿನಲ್ಲಿ ಕಟ್ಟಡದ ವಯಸ್ಸಿನ ಸವಕಳಿಯನ್ನು ಕಳೆದೂ ಬೆಲೆಯನ್ನು ಊಹಿಸುವದು ಅನುಮಾನ. ನೆರೆಯಲ್ಲಿ ಈಚೆಗೆ ಮಾರಾಟವಾದ ಇಂಥದೇ ಮನೆಯೊಡನೆ ಹೋಲಿಸುವದು ಉಪಮಾನ. ಕ್ರಯಪತ್ರ, ಖಾತಾ, ಚೆಕ್ಕುಬಂದಿಗಳನ್ನು ಓದುವದು ಶಬ್ದ. ಈಗ ವಿಚಾರಿಸತಕ್ಕ ಸಂಗತಿಯಿದು: ನೆರೆಮನೆಯ ಕ್ರಯಪತ್ರದಲ್ಲಿ ಕೊಟ್ಟ ಹಣದ ಅರ್ಧವನ್ನೇ ಬರೆದಿದ್ದರೆ, ಶಬ್ದವು ಕೆಟ್ಟಿತು, ಆ ಶಬ್ದವನ್ನು ಆಶ್ರಯಿಸಿದ ಉಪಮಾನವೂ ಕೆಟ್ಟಿತು. ಆಗ ಎಷ್ಟೇ ಪ್ರಾಮಾಣಿಕನಾದ ಮೌಲ್ಯಮಾಪಕನೂ ಬೀದಿಯ ಮಾತನ್ನು ಕೇಳಿ ಅಂಕಿ ಬರೆಯಬೇಕಾಗುವದು. ಬೀದಿಯ ಮಾತಿಗೆ ಸಾಕ್ಷಿಯಿಲ್ಲವಾದ್ದರಿಂದ ಅಪ್ರಾಮಾಣಿಕನಿಗೂ ಅದೇ ಮರೆಯಾಗುವದು.

ಇದನ್ನು ತಡೆಯಲು ಕಾಯಿದೆಗಳಿಲ್ಲವೆಂದಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯಿದೆಯಲ್ಲಿ, ಬೆಲೆಯನ್ನು ಕಡಿಮೆ ತೋರಿಸಿದ ಪತ್ರವನ್ನು ವಿಚಾರಣೆಗೆ ಕಳುಹಿಸುವ ಅಧಿಕಾರವಿದೆ. ಸರಕಾರವು ಮಾರ್ಗಸೂಚಿ ದರಗಳನ್ನು ಪ್ರಕಟಿಸುತ್ತಲಿದೆ. 2023ರ ಅಕ್ಟೋಬರ 1ರಿಂದ ಅವುಗಳನ್ನು ಪರಿಷ್ಕರಿಸಿಯೂ ಇರುವದು. ಆದರೆ ಅನೇಕರು ಆ ದರವನ್ನೇ ಕೊಟ್ಟ ಬೆಲೆಯೆಂದು ಬರೆದು ಮುಗಿಸುವದರಿಂದ, ಸುಳ್ಳಿಗೆ ಒಂದು ಕೆಳಮಿತಿ ಏರ್ಪಟ್ಟಿತೇ ಹೊರತು ಸುಳ್ಳು ಅಳಿಯಲಿಲ್ಲ.

ಈ ಸುಳ್ಳಿನಿಂದ ಸರಕಾರದ ಬೊಕ್ಕಸಕ್ಕೆ ಮಾತ್ರ ಹಾನಿಯೆಂದು ಗೃಹಸ್ಥರು ಸಮಾಧಾನ ಪಡುವದುಂಟು. ಅದು ಸರಿಯಲ್ಲ. 2014ರ ಜನವರಿ 1ರಂದು ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯು, ಭೂಮಿಯ ಬೆಲೆಯನ್ನು ಗೊತ್ತುಮಾಡಲು ಹೇಳಿರುವ ಅಳತೆಗಳಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಸಮೀಪದಲ್ಲಿ ನೋಂದಣಿಯಾದ ಕ್ರಯಪತ್ರಗಳ ಸರಾಸರಿಯೂ ಒಂದು. ಮುದ್ರಾಂಕದ ದರವು ಇನ್ನೊಂದು. ಕಮಲಾಪುರದ ಕಡೆಯಲ್ಲಿ ಕೆಂಪುಬಾಳೆ ಬೆಳೆಯುವ ರೈತನೊಬ್ಬನ ಹೊಲವು ನಾಳೆ ಹೆದ್ದಾರಿಗೆ ಹೋಯಿತೆಂದಿಟ್ಟುಕೊಂಡರೆ, ಅವನು ಎಂದೂ ಸುಳ್ಳು ಬರೆಯದವನಾಗಿದ್ದರೂ, ನೆರೆಹೊಲದವರು ಬರೆದ ಸುಳ್ಳೇ ಅವನ ಭೂಮಿಯ ಬೆಲೆಯನ್ನು ಇಳಿಸುವದು. ಪರಿಹಾರದ ಮೇಲೆ ನೂರಕ್ಕೆ ನೂರರಂತೆ ಕೊಡುವ ಸಾಂತ್ವನದ ಹಣವೂ ಅದೇ ಅಂಕಿಯಿಂದಲೇ ಲೆಕ್ಕವಾಗುವದರಿಂದ ನಷ್ಟವು ಇಮ್ಮಡಿಯಾಗುವದು. ಒಬ್ಬನು ಉಳಿಸಿದ ಶುಲ್ಕವನ್ನು ಇನ್ನೊಬ್ಬನು ತನ್ನ ಹೊಲದಿಂದ ತೆತ್ತಂತಾಯಿತು.

ಪ್ರಾಚೀನರು ಈ ಅಪಾಯವನ್ನು ಅರಿಯದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆಯನ್ನು ಮಾರುವವನು ನೆರೆಯ ನಲವತ್ತು ಕುಲಗಳವರ ಸಮಕ್ಷಮದಲ್ಲಿ, ಮನೆಯ ಎದುರಿನಲ್ಲಿಯೇ, ಬೆಲೆಯನ್ನು ಹೇಳಿ ಕೊಳ್ಳುವವರಾರೆಂದು ಮೂರು ಸಲ ಸಾರಬೇಕೆಂಬ ವಿಧಿಯಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ, ಇದೇ ಜಿಲ್ಲೆಯ ಮರ್ತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು, ಭೂಮಿಯ ಪರಭಾರೆಗೆ ಗ್ರಾಮದವರ, ಜ್ಞಾತಿಗಳ, ನೆರೆಯವರ, ದಾಯಾದರ ಅನುಮತಿಯನ್ನು ಹೇಳುವ ಸ್ಮೃತಿವಾಕ್ಯಕ್ಕೆ ಅರ್ಥಮಾಡುವಾಗ, ಗ್ರಾಮದ ಅನುಮತಿಯು ವ್ಯವಹಾರವು ಪ್ರಕಟವಾಗಲೆಂದೂ, ನೆರೆಯವರ ಅನುಮತಿಯು ಗಡಿಯ ಸಂಶಯವು ಹರಿಯಲೆಂದೂ ತಿಳಿಸಿರುವನು. ಇದರ ಮರ್ಮವು ಸ್ಪಷ್ಟ. ನಾಲ್ವರೆದುರು ಹೇಳಲಾಗದ ಬೆಲೆಯು ಬೆಲೆಯೇ ಅಲ್ಲ.

ಇತ್ತಲಾಗಿ ಈ ವೃತ್ತಿಗೂ ಕಟ್ಟುಪಾಡುಗಳು ಬಂದಿರುವವು. 2007ರಲ್ಲಿ ರಿಸರ್ವ್ ಬ್ಯಾಂಕು, 50 ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ವತ್ತಿಗೆ ಇಬ್ಬರು ಸ್ವತಂತ್ರ ಮೌಲ್ಯಮಾಪಕರ ವರದಿಗಳು ಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. 2017ರ ನಿಯಮಗಳು ಕಂಪನಿ ಕಾಯಿದೆಯ ಕೆಳಗೆ ಬರುವ ಮೌಲ್ಯಮಾಪಕರಿಗೆ ಪರೀಕ್ಷೆ, ನೋಂದಣಿ, ನಡತೆಯ ಸಂಹಿತೆಗಳನ್ನು ವಿಧಿಸಿದವು. ಗಿರಾಕಿಯ ಅನುಕೂಲಕ್ಕಾಗಿ ಬೆಲೆ ಕಟ್ಟಿಕೊಡಬಾರದೆಂಬದು ಅವುಗಳಲ್ಲೊಂದು. 2020ರಲ್ಲಿ ಎಂ. ಎಸ್. ಸಾಹೂ ಅವರ ಅಧ್ಯಕ್ಷತೆಯ ಸಮಿತಿಯು ಇಡೀ ವೃತ್ತಿಗೆ ಒಂದೇ ಮಸೂದೆಯ ಕರಡನ್ನು ಮುಂದಿಟ್ಟಿತು. ಇವೆಲ್ಲ ಒಳ್ಳೆಯವೇ. ಆದರೂ ಸಾಮಾನ್ಯ ಗೃಹಸ್ಥನ ಮನೆಗೆ ಬರುವವನು ಒಬ್ಬನೇ ಮೌಲ್ಯಮಾಪಕನು. ಅವನ ಪಕ್ಕದಲ್ಲಿ ಆ ಹೊತ್ತಿಗೆ ಕಾಯಿದೆಯು ನಿಂತಿರುವದಿಲ್ಲ, ಗಿರಾಕಿಯು ನಿಂತಿರುವನು. ಬೇಕಾದ ಅಂಕಿಯನ್ನು ಕೊಡದವನಿಗೆ ಮುಂದಿನ ಕೆಲಸ ಬಾರದೆಂಬ ಭಯವೇ ಈ ವೃತ್ತಿಯ ಮೂಲವ್ಯಾಧಿ.

ಈ ಭಯವು ಒಂದು ಊರಿಗೆ, ಒಂದು ದೇಶಕ್ಕೆ ಸೇರಿದ್ದಲ್ಲ. ಅಮೇರಿಕಾದಲ್ಲಿ 2000ದಿಂದ 2007ರ ವರೆಗೆ ಮೌಲ್ಯಮಾಪಕರ ಸಂಘಗಳು ಒಂದು ಮನವಿಯನ್ನು ತಿರುಗಿಸಿ, 11,000 ಮೌಲ್ಯಮಾಪಕರ ಸಹಿಗಳೊಡನೆ ರಾಜಧಾನಿಯ ಅಧಿಕಾರಿಗಳಿಗೆ ಒಪ್ಪಿಸಿದವು. ಸಾಲ ಕೊಡುವವರು ಬೆಲೆಯನ್ನು ಉಬ್ಬಿಸಲು ಒತ್ತಾಯಿಸುವರು, ಒಪ್ಪದವರನ್ನು ಕಪ್ಪುಪಟ್ಟಿಗೆ ಸೇರಿಸುವರು ಎಂಬದು ಅವರ ದೂರು. ಅವರ ಮಾತು ಕಾಲಕ್ಕೆ ಫಲಿಸಲಿಲ್ಲ. 2008ರಲ್ಲಿ ಆ ಉಬ್ಬಿದ ಸಾಲಗಳು ಒಡೆದು ಲಕ್ಷಾಂತರ ಸಂಸಾರಗಳು ಮನೆ ಕಳೆದುಕೊಂಡವು. 2010ರಲ್ಲಿ ಮೌಲ್ಯಮಾಪಕನನ್ನು ಒತ್ತಾಯಿಸುವದು ಅಲ್ಲಿ ಕಾಯಿದೆಯಿಂದ ನಿಷಿದ್ಧವಾಯಿತು. ಹಾಗಾದರೆ ಆ ಸಹಿಗಳು ವ್ಯರ್ಥವಾದವೆ? ಅಲ್ಲ. ಆಪತ್ತಿಗೆ ಮೊದಲೇ ಸತ್ಯವನ್ನು ಹೇಳಿದವರು ಆ ವೃತ್ತಿಯೊಳಗೇ ಇದ್ದರೆಂಬದಕ್ಕೆ ಅವೇ ಸಾಕ್ಷಿ.

ತಾನಾಗಿ ಸುಧಾರಣೆಗೆ ಬರುವವನ ಮೇಲೆ ಸಂಶಯವೂ ಬರುವದು ಸಹಜ. ಕೀರ್ತಿಗಾಗಿ ಬಂದನೇನೋ; ಹೊಸಬರಿಗೆ ಬಾಗಿಲು ಹಾಕಲು ಬಂದನೇನೋ! ಇದಕ್ಕೆ ಪರೀಕ್ಷೆಯು ಕಠಿಣವಲ್ಲ. ಅವನು ಸೂಚಿಸುವ ನಿಯಮವು ಮೊದಲು ಅವನನ್ನೇ ಬಿಗಿಯುವದೇ? ತನ್ನ ವರದಿಯ ಕಾರಣಗಳನ್ನು ಪರರು ಪರೀಕ್ಷಿಸಲೆಂದು ತೆರೆದಿಡುವನೇ? ಒಲ್ಲೆನೆಂದು ಹೇಳಿ ಕಳೆದುಕೊಂಡ ಗಿರಾಕಿಯು ಒಬ್ಬನಾದರೂ ಅವನಿಗಿರುವನೇ? ಈ ಮೂರಕ್ಕೆ ಹೌದೆಂದರೆ ಅವನ ಮಾತಿಗೆ ಕಿವಿಗೊಡತಕ್ಕದ್ದು. ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. ಮಹಾದಾಸೋಹಿ ಶರಣಬಸವೇಶ್ವರರ ಕಲಬುರಗಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಿಯಾದ ಅಂಕಿಯನ್ನು ಬರೆಯುವದು ಮೌಲ್ಯಮಾಪಕನ ಕಾಯಕ. ಮುಂದಿನವರು ಸರಿಯಾದ ಅಂಕಿಯನ್ನು ನಿರ್ಭಯವಾಗಿ ಬರೆಯುವಂತೆ ತನ್ನ ವೇಳೆಯನ್ನೂ ಅನುಭವವನ್ನೂ ಕೊಡುವದು ಅವನ ದಾಸೋಹ.

ಆದರೆ ಅವನೊಬ್ಬನಿಂದ ಇದು ಮುಗಿಯದು. ಮೌಲ್ಯಮಾಪಕನು ಬರೆಯುವ ಸುಳ್ಳಿಗೆ ಬೇಕಾದ ಬೀಜವು ಗೃಹಸ್ಥನ ಕ್ರಯಪತ್ರದಲ್ಲಿರುವದು. ತನ್ನ ಮನೆಯನ್ನು ಕೊಳ್ಳುವ ದಿನ ನಿಜವಾದ ಬೆಲೆಯನ್ನೇ ಬರೆಯಿಸಿದ ಗೃಹಸ್ಥನು ಯಾವ ಸಮಿತಿಯಲ್ಲಿ ಕೂಡದಿದ್ದರೂ ಆ ವೃತ್ತಿಯನ್ನು ಒಂದಿಷ್ಟು ತಿದ್ದಿದಂತಾಯಿತು. ಎಲ್ಲಿಯೋ ಒಬ್ಬ ಅಪರಿಚಿತ ರೈತನ ಹೊಲವನ್ನು ಒಂದಿಷ್ಟು ಕಾಪಾಡಿದಂತೆಯೂ ಆಯಿತು.