ಅಸಂಗತ ಎಂದು ಸುಮ್ಮನಾಗುವ ಮುನ್ನ

ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಮುಗಿದ ಮೇಲೆ ಕೇಳುವ ‘ಅಸಂಗತ’ಕ್ಕೂ, ಬನಶಂಕರಿಯಲ್ಲಿ ನಿನ್ನೆ ಡಾಂಬರು ಹಾಕಿದ ರಸ್ತೆಯನ್ನು ಇವತ್ತು ಅಗೆಯುವುದನ್ನು ಕಂಡಾಗ ಬಾಯಿಗೆ ಬರುವ ‘ಅಸಂಗತ’ಕ್ಕೂ ವ್ಯತ್ಯಾಸವಿದೆಯೇ? ಸಂಶೋಧನೆಗೆಂದು ನವ್ಯರ ನಾಟಕಗಳನ್ನು ಓದುತ್ತಿರುವ ನನ್ನನ್ನು ಈ ಪ್ರಶ್ನೆ ಕಾಡುತ್ತಿದೆ.

‘ಸಂಗತ’ ಎಂದರೆ ಜೊತೆಗೂಡಿದ್ದು. ಜೊತೆಗೂಡದ್ದು ಅಸಂಗತ. ‘ಅಬ್ಸರ್ಡ್’ ಪದದ ಲ್ಯಾಟಿನ್ ಮೂಲಕ್ಕೆ ಶ್ರುತಿ ತಪ್ಪಿದ್ದು ಎಂಬ ಅರ್ಥವಿತ್ತು. (ನಮ್ಮ ಸಂಗೀತದಲ್ಲೂ ‘ಸಂಗತಿ’ ಇದೆಯಲ್ಲ!) ಮಾರ್ಟಿನ್ ಎಸ್ಲಿನ್ 1961ರಲ್ಲಿ ಬೆಕೆಟ್, ಅಯನೆಸ್ಕೊ ಮೊದಲಾದವರನ್ನು ಈ ಹೆಸರಿನಡಿ ತಂದ. ಕನ್ನಡದಲ್ಲಿ ನ. ರತ್ನ ಅವರ ‘ಎಲ್ಲಿಗೆ’, ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಅಸಂಗತ ನಾಟಕಗಳೆನಿಸಿದವು. ‘ಅಸಂಬದ್ಧ’ ಎನ್ನದೆ ಹೀಗೆಂದದ್ದು ಒಳ್ಳೆಯದೇ ಆಯಿತು. ಅಸಂಬದ್ಧ ಎಂಬುದು ಬೈಗುಳ; ಅಸಂಗತದಲ್ಲಿ ಒಂದಿಷ್ಟು ನೋವೂ ಇದೆ. ಕಮೂ 1942ರ ಸಿಸಿಫಸನ ಪ್ರಬಂಧದಲ್ಲಿ ಹೇಳುವುದೂ ಅದನ್ನೇ: ಮನುಷ್ಯ ಅರ್ಥ ಕೇಳುತ್ತಾನೆ, ಲೋಕ ಸುಮ್ಮನಿರುತ್ತದೆ. ಅಲ್ಲಿ ಯಾರನ್ನೂ ಹೊಣೆ ಮಾಡಲಾಗದು.

ನಮ್ಮ ಅಲಂಕಾರಶಾಸ್ತ್ರದ ‘ಅಸಂಗತಿ’ ಬೇರೆ. ಅದರಲ್ಲಿ ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದರ ನೆಂಟ. ಇಲ್ಲಿ ಕಾರಣ ಇಲ್ಲವೆಂದಲ್ಲ, ಬೇರೆಲ್ಲೋ ಇದೆ, ಹುಡುಕಬೇಕು.

ಮಲ ಹೊರುವ ಪದ್ಧತಿಯನ್ನು 1993ರ ಕಾಯ್ದೆ ನಿಷೇಧಿಸಿತು. ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದಿತು. 2017ರ ಮಾರ್ಚಿನಲ್ಲಿ ಇದೇ ಊರಿನ ಸಿ.ವಿ. ರಾಮನ್ ನಗರದಲ್ಲಿ ಮ್ಯಾನ್‌ಹೋಲಿಗೆ ಇಳಿದ ಮೂವರು ಸತ್ತರು. ಇಂಥ ಸುದ್ದಿ ಓದಿ ಜಯನಗರದ ನಾವು ‘ಎಂಥ ಅಬ್ಸರ್ಡ್ ಸಾವು’ ಎಂದು ಪತ್ರಿಕೆ ಮಡಚುತ್ತೇವೆ. ಯಾವುದು ಅಬ್ಸರ್ಡ್? ಗುತ್ತಿಗೆ ಇದೆ, ಬಿಲ್ಲು ಇದೆ, ಯಾವ ಜಾತಿಯವರು ಇಳಿಯುತ್ತಾರೆ ಎಂಬುದೂ ಮೊದಲೇ ಗೊತ್ತಿದೆ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡಿವೆಯೆಂದರೆ ಇದಕ್ಕಿಂತ ಸುಸಂಗತವಾದದ್ದು ಇನ್ನಿಲ್ಲ. ಅಸಂಗತ ಎಂದೊಡನೆ ಗುತ್ತಿಗೆದಾರನೂ ನಾವೂ ಮಾಯವಾಗಿ ಬ್ರಹ್ಮಾಂಡವೊಂದೇ ಉಳಿಯುತ್ತದೆ.

ಸತ್ತವನ ಮನೆಯವರಿಗೆ ಆ ಸಾವು ನಿಜಕ್ಕೂ ಅಸಂಗತವೇ ಅಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ಹೌದು. ಅವರು ಹಾಗೆಂದರೆ ತಿದ್ದುವ ಹಕ್ಕು ನನಗಿಲ್ಲ. ಆದರೆ ಅವರು ಉತ್ತರ ಬೇಕೆಂದು ಕೇಳುತ್ತಿರುತ್ತಾರೆ, ನಾವು ಕೇಳುತ್ತಿಲ್ಲ. ಹಾಗಾದರೆ ಬೀದಿಯಲ್ಲಿ ಈ ಪದವನ್ನು ಆಡುವಂತೆಯೇ ಇಲ್ಲವೇ ಎಂದಳು. ಧಾರಾಳವಾಗಿ ಆಡಬಹುದು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ‘ಬಿಟಿಎಂ’ ಆಗಿ, ಒಂದಿಡೀ ಕೆರೆಯ ಹೆಸರು ಒಂದು ‘ಟಿ’ಯಲ್ಲಿ ಅಡಗಿ ಕೂತಿದೆಯಲ್ಲ, ಅದಕ್ಕೆ.