ಇಂದಿನ ಚಿಂತನೆ: ಮೊದಲು ಕಾರಣ ಹುಡುಕೋಣ

 

ಮಟ್ಟು ಬೀಚಿನ ರಸ್ತೆಯಲ್ಲಿ ನನ್ನ ಎಲೆಕ್ಟ್ರಿಕ್ ಸೈಕಲ್ ಕೈಕೊಟ್ಟಿತು. ಎಷ್ಟು ತುಳಿದರೂ ಮೋಟಾರು ಏಳಲಿಲ್ಲ. "ಮೋಟಾರು ಹೋಗಿದೆ, ಹೊಸದು ಹಾಕಿಸಿ ಮಾಷ್ಟ್ರೇ" ಎಂದರು ನೋಡಿದವರು.

ಥ್ರಾಟಲ್ ತಿರುಗಿಸಿದೆ, ಮೋಟಾರು ಓಡಿತು. ಅಂದರೆ ಬ್ಯಾಟರಿ, ಮೋಟಾರು ಎರಡೂ ಸರಿ. ಉಳಿದದ್ದು ಪೆಡಲ್ ಸೆನ್ಸರ್. ಪೆಡಲಿನ ಅಚ್ಚಿನ ಸುತ್ತ ಆಯಸ್ಕಾಂತ ಕೂಡಿಸಿದ ಬಿಲ್ಲೆಯೊಂದು ತಿರುಗುತ್ತದೆ. ಅದನ್ನು ಗ್ರಹಿಸಿ 'ಸವಾರ ತುಳಿಯುತ್ತಿದ್ದಾನೆ' ಎಂದು ಕಂಟ್ರೋಲರ್‌ಗೆ ತಿಳಿಸುವುದು ಸೆನ್ಸರಿನ ಕೆಲಸ. ಬಿಲ್ಲೆ ಜರುಗಿ ದೂರವಾಗಿತ್ತು, ಕಡಲ ಗಾಳಿಗೆ ಪ್ಲಗ್ಗಿನ ಪಿನ್ನು ಕಿಲುಬು ಹಿಡಿದಿತ್ತು. ಪಿನ್ನು ಉಜ್ಜಿ, ಬಿಲ್ಲೆಯನ್ನು 2-3 ಮಿ.ಮೀ. ಅಂತರಕ್ಕೆ ತಂದೆ. ಮೋಟಾರು ಎದ್ದಿತು.

ಆಗ ನನ್ನ ತರಗತಿಯ ಹುಡುಗನೊಬ್ಬ ನೆನಪಾದ. "ಇವನ ತಲೆಗೆ ಹತ್ತುವುದಿಲ್ಲ" ಎಂದು ಹಿಂದಿನ ವಾರವಷ್ಟೇ ಅವನ ತಂದೆಗೆ ಹೇಳಿದ್ದೆ. ನಮ್ಮ ಹಿರಿಯರು ತಲೆಮಾರುಗಳಿಂದ ಕೇಳಿಸಿಕೊಂಡ ಅದೇ ಮಾತು, ಈಗ ನನ್ನ ಬಾಯಲ್ಲಿ.

ಮರುದಿನ ಪುಸ್ತಕದ ಕನ್ನಡ ಬಿಟ್ಟು, ಅವನ ಮನೆಮಾತಾದ ತುಳುವಿನಲ್ಲಿ ಅದೇ ಪ್ರಶ್ನೆ ಕೇಳಿದೆ. ತಡವರಿಸದೆ ಉತ್ತರಿಸಿದ. ಹುಡುಗ ತುಳಿಯುತ್ತಲೇ ಇದ್ದ, ಗ್ರಹಿಸದವನು ನಾನು. ಸಂಜೆ ಅವನ ಮನೆಗೆ ಹೋಗಿ ನನ್ನ ಮಾತನ್ನು ಹಿಂತೆಗೆದುಕೊಂಡೆ.

ಪ್ರತಿ ಘಟನೆಗೂ ಕಾರಣವಿದೆ, ಅದು ಮನುಷ್ಯನ ಕೃತಿ ಇಲ್ಲವೇ ನಿಸರ್ಗದ ನಿಯಮ ಎಂಬ ತಿಳಿವನ್ನು ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ನಮ್ಮ ಮುಂದಿಟ್ಟಿದ್ದಾರೆ. ಹಣೆಬರಹ ಎಂದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಕಾರಣ ಸಿಕ್ಕರೆ ತಿದ್ದಬಹುದು, ಆ ಕಾರಣ ನಾವೇ ಆಗಿದ್ದರೂ.

ಇಂದು ಯಾರನ್ನಾದರೂ "ಇವರು ಇಷ್ಟೇ" ಎನ್ನುವ ಮುನ್ನ ಒಮ್ಮೆ ನಮ್ಮ ಸೆನ್ಸರ್ ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ.